ರಾತ್ರಿ ಎಂಟೂವರೆಗೆ ಮಾತ್ರ ಕೆಡುವ ಇಂಟರ್‌ನೆಟ್

ಪ್ರಶ್ನೆ: ಸಾಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಮನೆಗೆ 100 ಎಂಬಿಪಿಎಸ್ ಫೈಬರ್ ಸಂಪರ್ಕ ಇದೆ. ರೂಟರ್ ಜಗಲಿಯಲ್ಲಿದೆ. ಅಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 90ರ ಮೇಲೆ ತೋರಿಸುತ್ತದೆ. ನಾನು ಕೂರುವುದು ಮಾಳಿಗೆಯ ಕೋಣೆಯಲ್ಲಿ. ಅಲ್ಲಿ 12ರಿಂದ 15 ಬರುತ್ತದೆ. ಹಗಲು ಹೇಗೋ ನಡೆಯುತ್ತದೆ. ರಾತ್ರಿ ಎಂಟೂವರೆಗೆ ಅಮೆರಿಕದ ತಂಡದ ಜೊತೆ ಮೀಟಿಂಗ್ ಶುರುವಾದರೆ ನನ್ನ ಮಾತು ಅವರಿಗೆ ತುಂಡು ತುಂಡಾಗಿ ಕೇಳುತ್ತದಂತೆ. ಅವರ ಮಾತು ನನಗೆ ಹೆಚ್ಚುಕಡಿಮೆ ಸರಿಯಾಗಿಯೇ ಕೇಳುತ್ತದೆ. ದೀಪಾವಳಿ ಕಳೆದ ಮೇಲೆ ಇದು ಜಾಸ್ತಿ ಆಗಿದೆ. ಮನೆಯಿಂದ ಕಂಪನಿಯ ಒಳಜಾಲಕ್ಕೆ ಸೇರಿಸುವ ವಿಪಿಎನ್ ಹಾಕಿದರೆ ಕೆಲವು ಪುಟಗಳು ಅರ್ಧ ತೆರೆದು ನಿಂತುಬಿಡುತ್ತವೆ. ಮಳೆಗಾಲದಲ್ಲಂತೂ ಗಾಳಿ ಬೀಸಿದಾಗಲೆಲ್ಲ ಕೆಂಪು ದೀಪ ಮಿನುಗಿ ಸಂಪರ್ಕವೇ ಹೋಗುತ್ತಿತ್ತು. ಮನೆಯಲ್ಲಿ ಮೂರು ಫೋನು, ಒಂದು ಟಿವಿ, ಅಂಗಳಕ್ಕೆ ಮೂರು ವೈಫೈ ಕ್ಯಾಮೆರಾ ಇವೆ. 300 ಎಂಬಿಪಿಎಸ್ ಪ್ಲಾನ್ ಹಾಕಿಸಿ, ಹೊಸ ರೂಟರ್ ತನ್ನಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ತರಲಾ ಸರ್?

ಉತ್ತರ: ಸದ್ಯಕ್ಕೆ ಏನನ್ನೂ ತರಬೇಡಿ. ಪ್ಲಾನನ್ನೂ ಬದಲಾಯಿಸಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದರಲ್ಲಿ ಇರುವುದು ಒಂದು ತೊಂದರೆ ಅಲ್ಲ, ಮೂರು. ರಾತ್ರಿ ಮಾತು ತುಂಡಾಗುವುದು ಒಂದು. ವಿಪಿಎನ್ ಹಾಕಿದಾಗ ಪುಟ ನಿಲ್ಲುವುದು ಇನ್ನೊಂದು. ಗಾಳಿ ಬೀಸಿದಾಗ ಕೆಂಪು ದೀಪ ಮಿನುಗುವುದು ಮತ್ತೊಂದು. ಮೂರಕ್ಕೂ ಕಾರಣ ಬೇರೆ ಬೇರೆ ಕಡೆ ಇದೆ. ಮೂರನ್ನೂ ಸೇರಿಸಿ ‘ನೆಟ್ ಸ್ಲೋ’ ಎಂದು ಕರೆದಾಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಆಗುತ್ತದೆ. ಹೊಸ ರೂಟರ್ ಬರುತ್ತದೆ, ದುಡ್ಡು ಹೋಗುತ್ತದೆ, ರಾತ್ರಿ ಎಂಟೂವರೆಗೆ ಮತ್ತೆ ಅದೇ ಕತೆ.

ಮೊದಲು ಈ 300ರ ವಿಷಯ ಮುಗಿಸೋಣ. ಒಂದು ವಿಡಿಯೊ ಮೀಟಿಂಗ್‌ಗೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಎಂಬಿಪಿಎಸ್ ಸಾಕು. ಬರೀ ಮಾತಿಗೆ ಅದರ ಹತ್ತರಲ್ಲೊಂದು ಭಾಗವೂ ಬೇಡ. ಮಾಳಿಗೆಯಲ್ಲಿ ಬರುವ 12 ಎಂಬಿಪಿಎಸ್ ಕೂಡ ಮೀಟಿಂಗ್‌ಗೆ ಧಾರಾಳವಾಯಿತು. ಮಾತು ತುಂಡಾಗುವುದು ಸ್ಪೀಡ್ ಕಡಿಮೆ ಎಂದಲ್ಲ. ನಿಮ್ಮ ಮಾತಿನ ತುಣುಕುಗಳು ದಾರಿಯಲ್ಲಿ ಎಲ್ಲೋ ಕಾಯುತ್ತಿವೆ, ಇಲ್ಲವೇ ಕಳೆದುಹೋಗುತ್ತಿವೆ. ಸ್ಪೀಡ್ ಟೆಸ್ಟ್ ತೋರಿಸುವ ದೊಡ್ಡ ಅಂಕಿ ಈ ಕಾಯುವಿಕೆಯನ್ನು ಹೇಳುವುದಿಲ್ಲ.

ಪತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಎರಡು ಮಾತು. ‘ಅವರ ಮಾತು ನನಗೆ ಸರಿಯಾಗಿ ಕೇಳುತ್ತದೆ, ನನ್ನದು ಅವರಿಗೆ ಕೇಳುವುದಿಲ್ಲ’ ಎಂದಿರಿ. ಹಾಗಾದರೆ ಒಳಗೆ ಬರುವ ದಾರಿ ಚೆನ್ನಾಗಿದೆ, ಹೊರಗೆ ಹೋಗುವ ದಾರಿಯಲ್ಲಿ ತಡೆ ಇದೆ. ಇನ್ನೊಂದು, ‘ದೀಪಾವಳಿ ಕಳೆದ ಮೇಲೆ ಜಾಸ್ತಿ ಆಗಿದೆ’ ಎನ್ನುವುದು. ನಿಮ್ಮ ಕಡೆ ಆ ಹೊತ್ತಿಗೆ ಅಡಿಕೆಯ ಕೊನೆಕೊಯ್ಲು ಶುರುವಾಗಿರುತ್ತದೆ, ಅಲ್ವಾ? ಸಂಜೆಯಾದ ಮೇಲೆ ಅಂಗಳದಲ್ಲಿ ಲೈಟ್ ಹಾಕಿಕೊಂಡು ಜನ ಅಡಿಕೆ ಸುಲಿಯಲು ಕೂರುತ್ತಾರೆ. ನಿಮ್ಮ ಮೂರು ಕ್ಯಾಮೆರಾಗಳು ನೋಡುತ್ತಿರುವುದು ಅದೇ ಅಂಗಳವನ್ನು. ಅಂಥ ಹೆಚ್ಚಿನ ವೈಫೈ ಕ್ಯಾಮೆರಾಗಳು ಏನಾದರೂ ಅಲುಗಾಡಿದಾಗ ಎಚ್ಚರವಾಗಿ, ಆ ದೃಶ್ಯವನ್ನು ಕ್ಯಾಮೆರಾ ಕಂಪನಿಯ ಸರ್ವರಿಗೆ ಕಳಿಸುತ್ತವೆ. ಖಾಲಿ ಅಂಗಳದಲ್ಲಿ ಅವು ಸುಮ್ನೆ ಇರುತ್ತವೆ. ಹತ್ತು ಜನ ಕೂತು ಕೈ ಆಡಿಸುತ್ತಿದ್ದರೆ ಮೂರೂ ಬಿಡದೆ ಕಳಿಸುತ್ತಲೇ ಇರುತ್ತವೆ. ಒಂದೊಂದು ಕ್ಯಾಮೆರಾ ಅದರ ಗುಣಮಟ್ಟ ನೋಡಿಕೊಂಡು ಒಂದರಿಂದ ನಾಲ್ಕು ಎಂಬಿಪಿಎಸ್‌ವರೆಗೆ ಹೊರಗೆ ತಳ್ಳುತ್ತದೆ. ಅದೇ ಹೊತ್ತಿಗೆ ಮನೆಯವರ ಫೋನುಗಳು ಹೊರಗಿಂದ ಬಂದು ವೈಫೈ ಸಿಕ್ಕಿದ ಕೂಡಲೇ ಆ ದಿನದ ಫೋಟೊ, ವಿಡಿಯೊಗಳನ್ನು ಬ್ಯಾಕಪ್‌ಗೆ ಕಳಿಸಲು ತೊಡಗುತ್ತವೆ.

ಇದು ನನ್ನ ಅನುಮಾನ. ಅನುಮಾನವನ್ನು ನಂಬಿ ಯಾರೂ ಕ್ಯಾಮೆರಾ ಕಿತ್ತು ಹಾಕಬಾರದು. ಪರೀಕ್ಷೆ ಮಾಡಿ ನೋಡೋಣ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಿಮ್ಮ ಮಾತು ಅಮೆರಿಕಕ್ಕೆ ಹೋಗುವ ದಾರಿಯನ್ನು ಎರಡು ಭಾಗ ಮಾಡಿಕೊಳ್ಳಿ. ಲ್ಯಾಪ್‌ಟಾಪಿನಿಂದ ಜಗಲಿಯ ರೂಟರ್‌ವರೆಗೆ ಒಂದು. ರೂಟರ್‌ನಿಂದ ಹೊರಗಿನ ಲೋಕಕ್ಕೆ ಇನ್ನೊಂದು. ತೊಂದರೆ ಯಾವ ಭಾಗದಲ್ಲಿದೆ ಎಂದು ಹೇಳುವುದಕ್ಕೆ ಪಿಂಗ್ ಎನ್ನುವ ಒಂದು ಸಣ್ಣ ಆಜ್ಞೆ ಸಾಕು. ಅದು ಒಂದು ಪುಟ್ಟ ಚೀಟಿಯನ್ನು ಆ ಕಡೆಗೆ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಹೇಳುತ್ತದೆ.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿಂಗ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ರೂಟರ್‌ನ ವಿಳಾಸ ಹಾಕಿ. ಬಹಳಷ್ಟು ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ, ನಿಮ್ಮದು ಬೇರೆ ಇದ್ದರೆ ವೈಫೈ ವಿವರದಲ್ಲಿ ಗೇಟ್‌ವೇ ಎಂದು ಬರೆದಿರುತ್ತದೆ. ಮತ್ತೆ ಒಂದು ಸ್ಪೇಸ್, ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಟಿ ಅಕ್ಷರ. ಎಂಟರ್ ಒತ್ತಿದರೆ ಸೆಕೆಂಡಿಗೊಂದು ಸಾಲು ಬರುತ್ತಾ ಹೋಗುತ್ತದೆ, ನೀವು ಕಂಟ್ರೋಲ್ ಮತ್ತು ಸಿ ಒತ್ತುವವರೆಗೆ ನಿಲ್ಲುವುದಿಲ್ಲ. ಅದನ್ನು ಹಾಗೇ ಬಿಟ್ಟು ಇನ್ನೊಂದು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಅದೇ ಆಜ್ಞೆ, ಆದರೆ ವಿಳಾಸ 8.8.8.8. ಇದು ಗೂಗಲ್‌ನ ಸರ್ವರ್, ಮನೆಯಿಂದ ಹೊರಗಿರುವುದು. ಎರಡೂ ಕಿಟಕಿಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಡಿ.

ಮೊದಲು ಮಧ್ಯಾಹ್ನ ಮಾಡಿ, ಐದು ನಿಮಿಷ ಬಿಡಿ. ಅಂಕಿಗಳನ್ನು ಬರೆದುಕೊಳ್ಳಿ. ಚೆನ್ನಾಗಿರುವ ಹೊತ್ತಿನಲ್ಲಿ ಎಷ್ಟು ಬರುತ್ತದೆ ಎಂದು ಗೊತ್ತಿಲ್ಲದೆ ಕೆಟ್ಟ ಹೊತ್ತಿನ ಅಂಕಿಯಿಂದ ಏನೂ ತಿಳಿಯುವುದಿಲ್ಲ. ರೂಟರ್‌ಗೆ ಐದು ಹತ್ತು ಮಿಲಿಸೆಕೆಂಡ್ ಒಳಗೆ, 8.8.8.8ಕ್ಕೆ 15ರಿಂದ 40ರ ಒಳಗೆ ಬಂದರೆ ಹಗಲಿನ ಆರೋಗ್ಯ ಚೆನ್ನಾಗಿದೆ. ಆಮೇಲೆ ರಾತ್ರಿ ಎಂಟೂವರೆಗೆ, ಮೀಟಿಂಗ್ ನಡೆಯುವಾಗಲೇ, ಅದೇ ಮಾಳಿಗೆಯಲ್ಲಿ ಕೂತು ಮತ್ತೆ ನೋಡಿ.

ರೂಟರ್‌ನ ಕಿಟಕಿಯಲ್ಲೇ ಅಂಕಿ 100, 300, 700 ಎಂದು ಜಿಗಿಯುತ್ತಿದ್ದರೆ, ನಡುನಡುವೆ ‘ಟೈಮ್ಡ್ ಔಟ್’ ಎಂಬ ಸಾಲು ಬರುತ್ತಿದ್ದರೆ ತೊಂದರೆ ನಿಮ್ಮ ಮನೆಯ ಗಾಳಿಯಲ್ಲಿದೆ, ಅಂದರೆ ವೈಫೈನಲ್ಲಿ. ಆಗ ಇಂಟರ್‌ನೆಟ್ ಕಂಪನಿಯವರಿಗೆ ಫೋನ್ ಮಾಡಿ ಉಪಯೋಗವಿಲ್ಲ. ರೂಟರ್‌ನ ಕಿಟಕಿ ಶಾಂತವಾಗಿದ್ದು 8.8.8.8ರ ಕಿಟಕಿ ಮಾತ್ರ ಜಿಗಿಯುತ್ತಿದ್ದರೆ ತೊಂದರೆ ರೂಟರ್‌ನಿಂದ ಆಚೆಗೆ. ಹಾಗೆ ಜಿಗಿಯುತ್ತಿರುವಾಗಲೇ ಮನೆಯವರಿಗೆ ಹೇಳಿ ಮೂರೂ ಕ್ಯಾಮೆರಾಗಳ ಪ್ಲಗ್ ತೆಗೆಸಿ. ಎರಡು ನಿಮಿಷದಲ್ಲಿ ಅಂಕಿ ಇಳಿಯಿತೇ? ಇಳಿಯದಿದ್ದರೆ ಫೋನುಗಳ ವೈಫೈ ಒಂದೊಂದಾಗಿ ಆಫ್ ಮಾಡಿಸಿ. ಯಾವುದನ್ನು ತೆಗೆದಾಗ ಇಳಿಯಿತೋ ಅದೇ ಉತ್ತರ.

ಒಂದು ವಿಷಯ ನೆನಪಿರಲಿ. ಅಮೆರಿಕದ ಸರ್ವರಿಗೆ ನೇರವಾಗಿ ಪಿಂಗ್ ಮಾಡಿ 200ರ ಮೇಲೆ ಬಂತು ಎಂದು ಹೆದರಬೇಡಿ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ನೇರ ದೂರವೇ ಸುಮಾರು 14 ಸಾವಿರ ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರುವುದಕ್ಕೇ 140 ಮಿಲಿಸೆಕೆಂಡ್ ಬೇಕು, ಕೇಬಲ್ಲು ನೇರವಾಗಿ ಹೋಗದೆ ಸಮುದ್ರ ಸುತ್ತುವುದರಿಂದ ಇನ್ನೂ ಜಾಸ್ತಿ. ಇದನ್ನು ಯಾವ ಪ್ಲಾನೂ ಕಡಿಮೆ ಮಾಡುವುದಿಲ್ಲ. ಆದರೆ ಒಂದೇ ಸಮನಾಗಿ 250 ಇದ್ದರೆ ಮಾತು ಚೆನ್ನಾಗಿಯೇ ನಡೆಯುತ್ತದೆ. ಏರಿಳಿತವೇ ಮಾತನ್ನು ಕೆಡಿಸುವುದು.

ಈಗ ಎರಡೂ ಸಾಧ್ಯತೆಗಳನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ಇದ್ದರೂ ಆಶ್ಚರ್ಯವಿಲ್ಲ.

ವೈಫೈ ಒಂದು ಹಂಚಿಕೊಂಡ ಗಾಳಿ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ರೂಟರ್ ಹತ್ತಿರ ಇರುವ ಫೋನು ವೇಗವಾಗಿ ಮಾತಾಡಿ ಬೇಗ ಮುಗಿಸುತ್ತದೆ. ದೂರದ, ಸಿಗ್ನಲ್ ಕಡಿಮೆ ಇರುವ ಸಾಧನ ಅದೇ ಮಾತನ್ನು ಬಹಳ ನಿಧಾನವಾಗಿ ಹೇಳುತ್ತದೆ, ತಪ್ಪಾದರೆ ಮತ್ತೆ ಹೇಳುತ್ತದೆ. ಅಷ್ಟು ಹೊತ್ತು ಬೇರೆ ಎಲ್ಲರೂ ಬಾಯಿ ಮುಚ್ಚಿ ಕೂರಬೇಕು. ಅಂಗಳದ ಆ ತುದಿಯ ಕ್ಯಾಮೆರಾ ಇಡೀ ಮನೆಯ ವೈಫೈಯನ್ನು ಎಳೆದು ನಿಲ್ಲಿಸುವುದು ಹೀಗೆ. ಅದು ಕಳಿಸುವುದು ಎರಡೇ ಎಂಬಿಪಿಎಸ್ ಇರಬಹುದು. ಆದರೆ ಅದು ತಿನ್ನುವ ಸಮಯ ಹತ್ತು ಪಾಲು.

ಅಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ನಿಮ್ಮ ಲ್ಯಾಪ್‌ಟಾಪು ಕೂಡ ಮಾಳಿಗೆಯಲ್ಲಿ ಬಹುಶಃ ಅದೇ ಬ್ಯಾಂಡ್ ಹಿಡಿದುಕೊಂಡಿದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ನಿಮ್ಮ ಕಡೆಯ ಹಳೆಯ ಮನೆಗಳ ಜಂಬಿಟ್ಟಿಗೆ ಗೋಡೆ ಒಂದೊಂದೂ ಒಂದೂವರೆ ಅಡಿ ದಪ್ಪ. ಜಗಲಿಯಿಂದ ಮಾಳಿಗೆಗೆ ಅಂಥ ಎರಡು ಗೋಡೆ, ಮೇಲೊಂದು ಮಣ್ಣು ಮುಚ್ಚಿದ ಮುಚ್ಚಿಗೆ. ಮಳೆಗಾಲದಲ್ಲಿ ಆ ಗೋಡೆ ನೀರು ಹೀರಿಕೊಂಡಿದ್ದರೆ ಸಿಗ್ನಲ್ ಇನ್ನಷ್ಟು ಸೋರಿಹೋಗುತ್ತದೆ. ಇಲ್ಲಿ ಎಷ್ಟು ದುಬಾರಿ ರೂಟರ್ ತಂದರೂ ಭೌತಶಾಸ್ತ್ರ ಬದಲಾಗುವುದಿಲ್ಲ. ರೂಟರ್ ಜೋರಾಗಿ ಕೂಗಬಹುದು. ನಿಮ್ಮ ಲ್ಯಾಪ್‌ಟಾಪ್ ತಿರುಗಿ ಅಷ್ಟೇ ಜೋರಾಗಿ ಕೂಗಲಾರದು. ನಿಮ್ಮ ಮಾತು ಮಾತ್ರ ತುಂಡಾಗುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು.

ಇದಕ್ಕೆ ನಾನು ಮನಸಾರೆ ಹೇಳುವ ಮದ್ದು ಒಂದೇ. ಜಗಲಿಯಿಂದ ಮಾಳಿಗೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ನೂರು ಮೀಟರ್‌ವರೆಗೆ ಅದು ಆರಾಮವಾಗಿ ನಡೆಯುತ್ತದೆ. ಲ್ಯಾಪ್‌ಟಾಪಿಗೆ ನೇರ ಚುಚ್ಚಿಕೊಂಡರೆ ವೈಫೈ ಜಗಳವೇ ಮುಗಿಯಿತು. ಕೇಬಲ್ ಕೊಳ್ಳುವಾಗ ಕ್ಯಾಟ್ 6, ಪೂರ್ತಿ ತಾಮ್ರದ್ದು ಎಂದು ಕೇಳಿ ತೆಗೆದುಕೊಳ್ಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಅಗ್ಗದ ಮಾಲು ಬಹಳ ಸಿಗುತ್ತದೆ. ಅದು ಬಾಗಿಸಿದಲ್ಲಿ ಒಳಗೇ ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಮನೆಯಲ್ಲಿ ಹಳೆಯ ರೂಟರ್ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನು ಮಾಳಿಗೆಯಲ್ಲಿಟ್ಟು ಅಲ್ಲಿಗೇ ಬೇರೆ ವೈಫೈ ಮಾಡಬಹುದು. ಇಲ್ಲಿ ಜನ ಒಂದು ತಪ್ಪು ಮಾಡುತ್ತಾರೆ. ಹಳೆಯ ರೂಟರ್‌ನ ಡಿಎಚ್‌ಸಿಪಿಯನ್ನು ಆಫ್ ಮಾಡದೆ ಹಾಗೇ ಸೇರಿಸಿಬಿಡುತ್ತಾರೆ. ಡಿಎಚ್‌ಸಿಪಿ ಎಂದರೆ ಪ್ರತಿ ಸಾಧನಕ್ಕೂ ಒಂದು ವಿಳಾಸ ಹಂಚುವ ಕೆಲಸ. ಒಂದು ಮನೆಯಲ್ಲಿ ಇಬ್ಬರು ಹಂಚಲು ಕೂತರೆ ಫೋನಿಗೆ ಒಂದು ದಿನ ನೆಟ್ ಸಿಗುತ್ತದೆ, ಒಂದು ದಿನ ಸಿಗುವುದಿಲ್ಲ. ಹಾಗಾಗಿ ಮೊದಲು ಹಳೆಯದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಜಗಲಿಯಿಂದ ಬಂದ ಕೇಬಲನ್ನು ಅದರ ಲ್ಯಾನ್ ತೂತಿಗೆ ಹಾಕಿ. ಬೇರೆ ಬಣ್ಣದ ವ್ಯಾನ್ ತೂತಿಗೆ ಅಲ್ಲ.

ಕೇಬಲ್ ಬೇಡ, ರಿಪೀಟರ್ ಸಾಕು ಎಂದು ಅಂಗಡಿಯವರು ಹೇಳಬಹುದು. ಸಾಮಾನ್ಯ ರಿಪೀಟರ್ ಕೇಳಿದ್ದನ್ನೇ ಅದೇ ಗಾಳಿಯಲ್ಲಿ ಇನ್ನೊಂದು ಸಲ ಹೇಳುತ್ತದೆ. ಸಮಯ ಎರಡು ಪಟ್ಟು ಖರ್ಚು. ಗಾಳಿಯಲ್ಲಿ ಈಗಲೇ ಜಾಗ ಇಲ್ಲದ ನಿಮ್ಮ ಮನೆಗೆ ಅದು ಬೇಡ.

ಈಗ ಎರಡನೆಯ ಸಾಧ್ಯತೆ. ರೂಟರ್‌ವರೆಗೆ ಎಲ್ಲ ಸರಿ ಇದೆ, ಆಚೆಗೆ ಅಂಕಿ ಜಿಗಿಯುತ್ತಿದೆ ಎಂದುಕೊಳ್ಳಿ. ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಲು ಲಾಂಚ್ ಹತ್ತುತ್ತಿದ್ದ ದಿನಗಳನ್ನು ನೆನಪಿಸಿಕೊಳ್ಳಿ. ಸೇತುವೆ ಬಂದದ್ದು 2025ರ ಜುಲೈನಲ್ಲಿ. ಅದಕ್ಕೆ ಮುಂಚೆ ರಜೆಯ ದಿನ ಹೊಳೆಬಾಗಿಲಿನಲ್ಲಿ ಕಾರು, ಜೀಪುಗಳ ಸಾಲು ರಸ್ತೆಯುದ್ದಕ್ಕೂ ನಿಲ್ಲುತ್ತಿತ್ತು. ಲಾಂಚಿನ ವೇಗ ಎಂದಿನಷ್ಟೇ. ಹಿನ್ನೀರು ದಾಟಲು ಹಿಡಿಯುವ ಹೊತ್ತೂ ಅಷ್ಟೇ. ತಡ ಆಗುತ್ತಿದ್ದದ್ದು ದಡದ ಸಾಲಿನಲ್ಲಿ. ನಿಮ್ಮ ರೂಟರ್ ಒಳಗೂ ಅಂಥ ಒಂದು ದಡ ಇದೆ. ಹೊರಗೆ ಹೋಗುವ ಎಲ್ಲವೂ ಅಲ್ಲಿ ಸಾಲಾಗಿ ನಿಲ್ಲಬೇಕು. ಕ್ಯಾಮೆರಾ, ಫೋಟೊ ಬ್ಯಾಕಪ್‌ಗಳ ದೊಡ್ಡ ದೊಡ್ಡ ಗಾಡಿಗಳು ಮುಂದೆ ನಿಂತಿವೆ. ನಿಮ್ಮ ಮಾತಿನ ತುಣುಕು ಬೈಕಿನಲ್ಲಿ ಔಷಧಿ ಹಿಡಿದು ಬಂದವನ ಹಾಗೆ ಹಿಂದೆ ನಿಂತಿದೆ. ಅದಕ್ಕೆ ಬೇಕಾದ ಜಾಗ ಅಂಗೈಯಷ್ಟು. ಆದರೆ ಸರದಿ ಬರುವ ಹೊತ್ತಿಗೆ ಆ ಮಾತು ಹಳತಾಗಿರುತ್ತದೆ. ಮೀಟಿಂಗ್ ಆ್ಯಪ್ ಅದನ್ನು ಬಿಸಾಕುತ್ತದೆ. ಅವರಿಗೆ ನಿಮ್ಮ ಮಾತು ತುಂಡಾಗಿ ಕೇಳುವುದು ಆಗ.

ರೂಟರ್ ತಯಾರಿಸುವವರು ಏನೂ ಕಳೆದುಹೋಗಬಾರದು ಎಂದು ದಡದ ಜಾಗವನ್ನು ದೊಡ್ಡದು ಮಾಡುತ್ತಾ ಹೋದರು. ಸಾಲು ಉದ್ದವಾಯಿತು, ಕಾಯುವಿಕೆ ಹೆಚ್ಚಿತು. ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ಇಂಟರ್‌ನೆಟ್ ಹೀಗೆ ಒದ್ದಾಡುವುದನ್ನು ಕೆದಕಿ ನೋಡಿ, 2010ರ ಹೊತ್ತಿಗೆ ಈ ಕಾಯಿಲೆಗೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಅದಕ್ಕೆ ‘ಕೋಡೆಲ್’ ಎಂಬ ಮದ್ದು ಕೊಟ್ಟರು. ಯಾರು ಎಷ್ಟು ಹೊತ್ತು ಸಾಲಿನಲ್ಲಿ ನಿಂತಿದ್ದಾರೆ ಎಂದು ನೋಡಿ ಸಾಲನ್ನು ಚಿಕ್ಕದಾಗಿಡುವ ಉಪಾಯ ಅದು. ಅದರಿಂದ ಮುಂದೆ ಬಂದ ಬಗೆಗಳು ಪ್ರತಿಯೊಬ್ಬರಿಗೂ ಬೇರೆ ಸಾಲು ಮಾಡಿ, ಚಿಕ್ಕವರನ್ನು ನಡುನಡುವೆ ದಾಟಿಸುತ್ತವೆ. ಕೆಲವು ರೂಟರ್‌ಗಳಲ್ಲಿ ಇದು ‘ಎಸ್‌ಕ್ಯೂಎಂ’ ಎಂಬ ಹೆಸರಿನಲ್ಲಿ ಇರುತ್ತದೆ. ಫೈಬರ್ ಜೊತೆ ಪುಕ್ಕಟೆ ಬರುವ ಪೆಟ್ಟಿಗೆಗಳಲ್ಲಿ ನಾನು ಕಂಡದ್ದು ಅಪರೂಪ. ಒಂದು ದಿನ ನೀವು ರೂಟರ್ ಕೊಳ್ಳಲೇಬೇಕಾಗಿ ಬಂದರೆ ಆಂಟೆನಾ ಎಷ್ಟಿವೆ ಎಂದು ಎಣಿಸಬೇಡಿ. ಎಸ್‌ಕ್ಯೂಎಂ ಇದೆಯೇ ಎಂದು ಕೇಳಿ. ಅದರಲ್ಲಿ ಅಪ್‌ಲೋಡ್ ಮಿತಿಯನ್ನು ನಿಮಗೆ ನಿಜವಾಗಿ ಸಿಗುವುದರ ನೂರಕ್ಕೆ 85ರಿಂದ 90ಕ್ಕೆ ಕಟ್ಟಿದರೆ ಸಾಲು ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಅದಿಲ್ಲದೆಯೂ ಆಗುವ ಕೆಲಸ ಬಹಳ ಇದೆ. ಕ್ಯಾಮೆರಾ ಆ್ಯಪ್‌ನಲ್ಲಿ ಒಳಗಿನ ಮೆಮೊರಿ ಕಾರ್ಡಿಗೆ ಮಾತ್ರ ರೆಕಾರ್ಡ್ ಆಗುವಂತೆ ಮಾಡಿ, ಸರ್ವರಿಗೆ ಕಳಿಸುವುದನ್ನು ಜನ ಎದ್ದು ಹೋದ ಮೇಲೆ ಶುರುವಾಗುವಂತೆ ಸಮಯ ಇಡಿ. ಹತ್ತು ಜನ ಅಂಗಳದಲ್ಲಿ ಕೂತಿರುವಾಗ ಅಡಿಕೆ ಕಳ್ಳರ ಭಯ ಇಲ್ಲವಲ್ಲ. ಚಿತ್ರದ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಫೋನುಗಳ ಬ್ಯಾಕಪ್ಪನ್ನು ಮೀಟಿಂಗ್ ಮುಗಿಯುವವರೆಗೆ ತಡೆದು, ಮಲಗುವ ಮುಂಚೆ ಬಿಡಿ. ನಿಮ್ಮ ಪ್ಲಾನ್‌ನಲ್ಲಿ ಅಪ್‌ಲೋಡ್ ಎಷ್ಟು ಎಂದು ಒಮ್ಮೆ ನೋಡಿ. ಜನ ಡೌನ್‌ಲೋಡ್ ಅಂಕಿ ನೋಡಿಯೇ ಪ್ಲಾನ್ ಕೊಳ್ಳುತ್ತಾರೆ, ಎಲ್ಲ ಪ್ಲಾನ್‌ಗಳಲ್ಲೂ ಎರಡೂ ಸಮ ಇರುವುದಿಲ್ಲ.

ಅಂಗಳದ ಕ್ಯಾಮೆರಾಗಳಿಗೆ ಲ್ಯಾನ್ ಕೇಬಲ್ ಎಳೆಸುವ ಯೋಚನೆ ಬಂದರೆ ಒಂದು ಎಚ್ಚರ. ತಾಮ್ರದ ಉದ್ದ ತಂತಿ ಬಯಲಿನಲ್ಲಿ ಹಾದುಹೋದರೆ ಗುಡುಗು ಮಿಂಚಿನ ದಿನ ಅದೇ ಸಿಡಿಲನ್ನು ಮನೆಯೊಳಗೆ ಕರೆತರುತ್ತದೆ. ಹತ್ತಿರ ಎಲ್ಲೋ ಸಿಡಿಲು ಬಡಿದರೂ ಸಾಕು, ಆ ತಂತಿಯಲ್ಲಿ ಹುಟ್ಟುವ ವಿದ್ಯುತ್ತಿಗೆ ರೂಟರ್, ಲ್ಯಾಪ್‌ಟಾಪ್ ಎರಡೂ ಸುಟ್ಟುಹೋಗಬಹುದು. ಮನೆಯಿಂದ ಹೊರಗಿನ ಕಟ್ಟಡಕ್ಕೆ ಹೋಗಬೇಕಾದರೆ ಫೈಬರ್ ಹಾಕಿಸಿ, ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇಡಿ. ಫೈಬರ್ ಕೂಡ ಒಳಗೆ ಉಕ್ಕಿನ ತಂತಿ ಇಲ್ಲದ್ದು ಆಗಿರಲಿ.

ವಿಪಿಎನ್ ವಿಷಯ ಬೇರೆಯೇ. ಸಣ್ಣ ಪುಟ ತೆರೆಯುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಪುಟ ಅರ್ಧಕ್ಕೆ ನಿಲ್ಲುತ್ತದೆ ಎಂದರೆ ನನಗೆ ಮೊದಲು ನೆನಪಾಗುವುದು ಎಂಟಿಯು. ಅಂದರೆ ಒಂದು ಪೊಟ್ಟಣ ಎಷ್ಟು ದೊಡ್ಡದಿರಬಹುದು ಎಂಬ ಮಿತಿ. ಸಾಮಾನ್ಯವಾಗಿ ಅದು 1500 ಬೈಟ್. ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಕಿ ಲೈನ್ ಶುರುಮಾಡುವ ಪಿಪಿಪಿಒಇ ಬಗೆಯ ಸಂಪರ್ಕದಲ್ಲಿ ಎಂಟು ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ವಿಪಿಎನ್ ಪ್ರತಿ ಪೊಟ್ಟಣದ ಮೇಲೆ ಇನ್ನೊಂದು ಹೊದಿಕೆ ಸುತ್ತುತ್ತದೆ. ಆಗ ಪೊಟ್ಟಣ ಬಾಗಿಲಿಗಿಂತ ದಪ್ಪವಾಗುತ್ತದೆ. ‘ದಪ್ಪವಾಯಿತು, ಚಿಕ್ಕದು ಮಾಡಿ ಕಳಿಸು’ ಎಂದು ದಾರಿಯ ಯಂತ್ರ ವಾಪಸ್ ಹೇಳಬೇಕು. ಆ ಸಂದೇಶವನ್ನು ನಡುವೆ ಯಾರಾದರೂ ತಡೆದರೆ ಕಳಿಸುವವನಿಗೆ ಗೊತ್ತೇ ಆಗುವುದಿಲ್ಲ. ದೊಡ್ಡ ಪೊಟ್ಟಣಗಳು ಸದ್ದಿಲ್ಲದೆ ಬೀಳುತ್ತಿರುತ್ತವೆ.

ಪರೀಕ್ಷೆ ಇದು. ವಿಪಿಎನ್ ಆಫ್ ಮಾಡಿ. ಪಿಂಗ್ ಆದ ಮೇಲೆ ಸ್ಪೇಸ್, ಅಡ್ಡಗೆರೆ ಎಫ್, ಸ್ಪೇಸ್, ಅಡ್ಡಗೆರೆ ಎಲ್, ಸ್ಪೇಸ್, 1472, ಸ್ಪೇಸ್, 1.1.1.1. ಎಫ್ ಎಂದರೆ ಪೊಟ್ಟಣವನ್ನು ಒಡೆಯಬೇಡ ಎಂದು. 1472ಕ್ಕೆ ಪೊಟ್ಟಣದ ಮೇಲಿನ ವಿಳಾಸದ ತಲೆಪಟ್ಟಿಯ 28 ಬೈಟ್ ಸೇರಿ 1500 ಆಗುತ್ತದೆ. ಉತ್ತರ ಬಾರದೆ ‘ಒಡೆಯಬೇಕಿತ್ತು’ ಎಂಬ ದೂರು ಬಂದರೆ 1464 ಹಾಕಿ ನೋಡಿ. ಅದು ಹೋದರೆ ನಿಮ್ಮ ಲೈನಿನ ಎಂಟಿಯು 1492. ಈ ಅಂಕಿಯನ್ನು ನೀವು ಕೆಲಸ ಮಾಡುವ ಕಂಪನಿಯ ಐಟಿ ವಿಭಾಗಕ್ಕೆ ಕೊಟ್ಟು, ವಿಪಿಎನ್‌ನ ಎಂಟಿಯು 1400ಕ್ಕೋ 1350ಕ್ಕೋ ಇಳಿಸಲು ಕೇಳಿ. ಎರಡು ನಿಮಿಷದ ಕೆಲಸ. ಇದಕ್ಕೆ ಲೈನ್‌ಮನ್ ಬರಬೇಕಿಲ್ಲ, ಪ್ಲಾನ್ ಬದಲಾಗಬೇಕಿಲ್ಲ. ಇನ್ನು, ಪಿಂಗ್ ಚೆನ್ನಾಗಿ ಹೋಗುತ್ತಿದ್ದು ಯಾವ ಪುಟವೂ ತೆರೆಯದಿದ್ದರೆ ಅದು ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ತೊಂದರೆ. ನಿಮ್ಮದು ಅದಲ್ಲ.

ಕೊನೆಗೆ ಆ ಕೆಂಪು ದೀಪ. ಈಗ ಮಳೆ ಇಲ್ಲ, ದೀಪ ಮಿನುಗುತ್ತಿಲ್ಲ, ಹಾಗಾಗಿ ಮರೆತುಬಿಡುತ್ತೀರಿ. ದಯವಿಟ್ಟು ಮರೆಯಬೇಡಿ. ಸರಿ ಮಾಡಿಸಲು ಒಣಗಿರುವ ಈ ದಿನಗಳೇ ಒಳ್ಳೆಯವು.

ಫೈಬರ್ ಪೆಟ್ಟಿಗೆಯಲ್ಲಿ ‘ಪಾನ್’ ಎಂಬ ಹಸಿರು ದೀಪ ನಿಂತು ಉರಿಯಬೇಕು. ‘ಲಾಸ್’ ಕೆಂಪಗೆ ಮಿನುಗಿದರೆ ಕೇಬಲ್ಲಿನಿಂದ ಬೆಳಕು ಬರುತ್ತಿಲ್ಲ, ಅಥವಾ ಸಾಲದಷ್ಟು ಬರುತ್ತಿದೆ. ಎಷ್ಟು ಬರುತ್ತಿದೆ ಎಂದು ನೀವೇ ನೋಡಬಹುದು. ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹಾಕಿ ಅದರ ಪುಟ ತೆರೆದರೆ ಪಾನ್ ಅಥವಾ ಆಪ್ಟಿಕಲ್ ಎಂಬ ಭಾಗದಲ್ಲಿ ಆರ್‌ಎಕ್ಸ್ ಪವರ್ ಎಂದು ಮೈನಸ್ ಅಂಕಿ ಇರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಬಹಳ ಒಳ್ಳೆಯದು. ಮೈನಸ್ 25 ದಾಟಿದರೆ ಅಂಚಿನಲ್ಲಿದೆ. ಮೈನಸ್ 27 ಈ ಬಗೆಯ ಪೆಟ್ಟಿಗೆಗಳ ಸಾಮಾನ್ಯ ಕೊನೆ. ಮೂರು ಅಂಕಿ ಕೆಳಗಿಳಿಯಿತು ಎಂದರೆ ಬೆಳಕು ಅರ್ಧ ಆಯಿತು ಎಂದರ್ಥ, ಆದ್ದರಿಂದ 24ಕ್ಕೂ 27ಕ್ಕೂ ವ್ಯತ್ಯಾಸ ಸಣ್ಣದಲ್ಲ.

ಹೊಸನಗರದ ಕಡೆ ಒಂದು ಮನೆಗೆ ಹೋಗಿದ್ದೆ. ಅಲ್ಲೂ ಗಾಳಿ ಬಂದಾಗ ಮಾತ್ರ ಕೆಂಪು ದೀಪ. ದೂರು ಕೊಟ್ಟಾಗಲೆಲ್ಲ ಹುಡುಗರು ಬಿಸಿಲು ಬಂದ ಮೇಲೆ ಬಂದು ಅಳತೆ ಮಾಡುತ್ತಿದ್ದರು, ಮೈನಸ್ 21 ಬರುತ್ತಿತ್ತು, ಸರಿ ಇದೆ ಎಂದು ಬರೆದುಕೊಂಡು ಹೋಗುತ್ತಿದ್ದರು. ಹೀಗೆ ನಾಲ್ಕು ಸಲ ಆಗಿತ್ತು. ಕೇಬಲ್ಲಿನ ಗುಂಟ ತೋಟದಲ್ಲಿ ನಡೆದು ನೋಡಿದೆ. ಒಂದು ಕಡೆ ಅದನ್ನು ಅಡಿಕೆ ಮರಕ್ಕೆ ನೈಲಾನ್ ದಾರದಿಂದ ಬಿಗಿದು ಕಟ್ಟಿದ್ದರು. ಮನೆಯವರಿಗೆ ರೂಟರ್ ಪುಟ ನೋಡುತ್ತಿರಲು ಹೇಳಿ, ನಾನು ಆ ಮರವನ್ನು ಹಿಡಿದು ಅಲ್ಲಾಡಿಸಿದೆ. ‘ಮೈನಸ್ 29’ ಎಂದು ಒಳಗಿನಿಂದ ಕೂಗಿದರು. ಮರ ತೂಗಿದಾಗ ಗಂಟಿನ ಹತ್ತಿರ ಕೇಬಲ್ ಮಡಚುತ್ತಿತ್ತು. ಫೈಬರ್ ಮುರಿಯಬೇಕಿಲ್ಲ, ಚಿಕ್ಕದಾಗಿ ಬಾಗಿದರೆ ಸಾಕು, ಬೆಳಕು ಆ ತಿರುವಿನಲ್ಲಿ ಹೊರಗೆ ಸೋರುತ್ತದೆ. ಮರ ಬಿಟ್ಟು ಕಂಬದ ಮೇಲೆ, ಕ್ಲ್ಯಾಂಪ್ ಹಾಕಿ, ಒಂದು ಸುತ್ತು ಸಡಿಲ ಬಿಟ್ಟು ಎಳೆಸಿದ ಮೇಲೆ ಆ ಮನೆಯಲ್ಲಿ ತೊಂದರೆ ಮತ್ತೆ ಬರಲಿಲ್ಲ.

ನಿಮ್ಮ ಕೇಬಲ್ ಬರುವ ದಾರಿಯಲ್ಲೂ ಹಾಗೇ ನಡೆದು ನೋಡಿ. ಮರಕ್ಕೆ ಕಟ್ಟಿದ್ದು, ಕಿಟಕಿಯ ಸಂದಿಯಲ್ಲಿ ಸಿಕ್ಕಿಕೊಂಡದ್ದು, ಮಂಗ ಅಥವಾ ಅಳಿಲು ಕಚ್ಚಿದ ಗುರುತು, ಮುಚ್ಚಳ ಬಿಟ್ಟುಕೊಂಡ ಜಾಯಿಂಟ್ ಪೆಟ್ಟಿಗೆ. ಕಂಡದ್ದರ ಫೋಟೊ ತೆಗೆಯಿರಿ. ಕೇಬಲ್ ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್. ವಿದ್ಯುತ್ ಕಂಬದ ಮೇಲಿನ ಕೇಬಲ್ ಮುಟ್ಟುವ ಕೆಲಸ ನಿಮ್ಮದಲ್ಲ, ಇಂಟರ್‌ನೆಟ್ ಕಂಪನಿಯವರದು.

ದೂರು ಕೊಡುವಾಗ ‘ನೆಟ್ ಬರುತ್ತಿಲ್ಲ’ ಎನ್ನಬೇಡಿ. ‘ಇಂಥ ದಿನ, ಇಷ್ಟು ಗಂಟೆಗೆ, ಗಾಳಿ ಬೀಸುತ್ತಿದ್ದಾಗ ಲಾಸ್ ದೀಪ ಮಿನುಗಿತು, ಆರ್‌ಎಕ್ಸ್ ಪವರ್ ಮೈನಸ್ ಇಷ್ಟಿತ್ತು, ಶಾಂತವಾಗಿದ್ದಾಗ ಇಷ್ಟು’ ಎನ್ನಿ. ಬಂದ ಹುಡುಗ ಅಳತೆ ಮಾಡಿದ ಮೇಲೆ ‘ಪವರ್ ಎಷ್ಟು ಬಂತು’ ಎಂದು ಕೇಳಿ ಬರೆದುಕೊಳ್ಳಿ. ಅವರಿಗೂ ದಿನಕ್ಕೆ ಹತ್ತಾರು ಮನೆ ಇರುತ್ತವೆ. ಅಂಕಿ ಹೇಳಿದರೆ ಎಲ್ಲಿ ನೋಡಬೇಕು ಎಂದು ಅವರಿಗೆ ಬೇಗ ಗೊತ್ತಾಗುತ್ತದೆ.

ರೂಟರ್ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದ್ದರೆ ಮಾತ್ರ ಅದರ ಅಡಾಪ್ಟರ್ ಬದಲಾಯಿಸಿ. ಅದೇ ವೋಲ್ಟ್, ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಆಂಪಿಯರ್ ಇರುವುದು. ವರ್ಷಗಟ್ಟಲೆ ಕಾದು ಕಾದು ಅದರ ಒಳಗಿನ ಕೆಪಾಸಿಟರ್ ಸೊರಗಿರುತ್ತದೆ, ಕೆಲಸ ಜಾಸ್ತಿ ಆದ ಹೊತ್ತಿಗೆ ಕೈಕೊಡುತ್ತದೆ.

ಇವತ್ತು ರಾತ್ರಿ ಮಾಡಬೇಕಾದದ್ದು ಇಷ್ಟೇ. ಮೀಟಿಂಗ್ ಶುರುವಾಗುವ ಐದು ನಿಮಿಷ ಮುಂಚೆ ಎರಡೂ ಪಿಂಗ್ ಕಿಟಕಿ ತೆರೆದಿಡಿ. ಮಾತು ತುಂಡಾಗುತ್ತಿದೆ ಎಂದು ಆ ಕಡೆಯವರು ಹೇಳಿದ ಕ್ಷಣ ಪರದೆಯ ಫೋಟೊ ತೆಗೆಯಿರಿ. ಕ್ಯಾಮೆರಾಗಳ ಪ್ಲಗ್ ತೆಗೆಸಿ ಎರಡು ನಿಮಿಷ ಬಿಟ್ಟು ಇನ್ನೊಂದು ಫೋಟೊ. ಎರಡನ್ನೂ, ಮಧ್ಯಾಹ್ನದ ಅಂಕಿಗಳನ್ನೂ ಕಳಿಸಿ. ಮಾಳಿಗೆಗೆ ಕೇಬಲ್ ಮೊದಲು ಬೇಕೋ, ಕ್ಯಾಮೆರಾ ಮೊದಲು ನೋಡಬೇಕೋ ಎಂದು ಆ ಫೋಟೊ ನೋಡಿ ಖಚಿತವಾಗಿ ಹೇಳುತ್ತೇನೆ.